ವಿಜಯನಗರ ಕಾಲದ ನಾಣ್ಯ ಓದೋದು, ಗುರುತಿಸೋದು, ಕೂಡಿಡೋದು ಹೇಗೆ

ಹಳೇ ನಾಣ್ಯ ಒಂದು ಕೈಗೆ ಸಿಕ್ಕಿದ ತಕ್ಷಣ ಎಲ್ರೂ ಕೇಳೋದು ಒಂದೇ, ಇದಕ್ಕೆ ಎಷ್ಟು ಬರತ್ತೆ ಅಂತ. ಅದು ಯಾರ ಕಾಲದ್ದು, ಏನು ಬರೆದಿದೆ, ಎಷ್ಟು ತೂಕ, ಅಸಲಿನಾ ಅನ್ನೋದು ಗೊತ್ತಾಗದೆ ಆ ಪ್ರಶ್ನೆಗೆ ಯಾರೂ ಉತ್ತರ ಕೊಡೋಕಾಗಲ್ಲ, ಕೊಟ್ರೂ ನಂಬಬೇಡಿ. ಮೊದಲು ನಾಣ್ಯ ಓದೋದು ಕಲೀರಿ, ಬೆಲೆ ಆಮೇಲೆ ತಾನಾಗೇ ಅರ್ಥ ಆಗತ್ತೆ.

ಮಧ್ಯಕಾಲದ ನಾಣ್ಯ ಅಂದ್ರೆ ಸಮುದ್ರ. ಕದಂಬರದ್ದು, ಸೇವುಣರ ಪದ್ಮಟಂಕ, ಹೊಯ್ಸಳರದ್ದು, ಬಹಮನಿ ಸುಲ್ತಾನರ ಅರೇಬಿಕ್ ಬರಹದ ತಾಮ್ರದ್ದು, ಎಲ್ಲಾ ಇದೆ. ಎಲ್ಲಾನೂ ಒಟ್ಟಿಗೆ ಹಿಡ್ಕೊಂಡ್ರೆ ಯಾವುದೂ ತಲೆಗೆ ಹತ್ತಲ್ಲ. ಹಾಗಾಗಿ ಕನ್ನಡದವ್ರಿಗೆ ನಾನು ಯಾವಾಗ್ಲೂ ಹೇಳೋದು ವಿಜಯನಗರದಿಂದ ಶುರು ಮಾಡಿ ಅಂತಾನೇ, ಯಾಕಂದ್ರೆ ನಾಣ್ಯ ಸಿಗತ್ತೆ, ಬರಹ ನಾಗರಿ ಇಲ್ಲಾ ಕನ್ನಡದಲ್ಲಿರತ್ತೆ, ಮೇಲಿರೋ ದೇವರುಗಳು ನಮಗೆ ಚಿಕ್ಕಂದಿನಿಂದ ಗೊತ್ತಿರೋರೇ, ಮತ್ತೆ ಆ ಕಾಲದ ಶಾಸನ, ಪ್ರವಾಸಿಗಳ ಬರಹ ಬೇಕಾದಷ್ಟು ಉಳಿದಿರೋದ್ರಿಂದ ನಾಣ್ಯದಲ್ಲಿ ಕಂಡಿದ್ದನ್ನ ಬೇರೆ ಕಡೆ ಹೋಲಿಸಿ ನೋಡಬಹುದು.

ಸಾಮಾನು ಜಾಸ್ತಿ ಏನೂ ಬೇಡ. 10 ಪಟ್ಟು ದೊಡ್ಡದಾಗಿ ತೋರಿಸೋ ಭೂತಗನ್ನಡಿ, ಆಭರಣದ ಅಂಗಡಿಯವ್ರು ಬಳಸೋ ಥರದ್ದು. ಒಂದು ಡಿಜಿಟಲ್ ತಕ್ಕಡಿ. ಒಂದು ಟಾರ್ಚ್. ಮೆತ್ತನೆ ಬಟ್ಟೆ, ಒಂದು ನೋಟ್‌ಬುಕ್. ತಕ್ಕಡಿ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ, ಯಾಕೆ ಅಂತ ಮುಂದೆ ಹೇಳ್ತೀನಿ.

ಮೊದಲು ತೂಕ. ಚಿತ್ರ ನೋಡೋಕ್ಕಿಂತ ಮುಂಚೆ ತೂಕ ಹಾಕಿ. ವಿಜಯನಗರದ ಚಿನ್ನದ ಲೆಕ್ಕ ಸರಳ: ವರಾಹ (ಗದ್ಯಾಣ ಅಂತಾನೂ ಅಂತಾರೆ) ಸುಮಾರು 3.4 ಗ್ರಾಂ, ಅದರ ಅರ್ಧ ಪ್ರತಾಪ ಸುಮಾರು 1.7 ಗ್ರಾಂ, ಹಣ ಅಂದ್ರೆ ಒಂದು ಗ್ರಾಂನ ಮೂರನೇ ಒಂದು ಭಾಗದಷ್ಟು, ತೂಕದಲ್ಲಿ ವರಾಹದ ಹತ್ತರಲ್ಲೊಂದು. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಈ ಮೂರೂ ಹೆಸರು ಬರೆದಿಟ್ಟಿದಾನೆ, ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರೋದು ಹಣಾನೇ ಅಂತಾನೂ ಹೇಳ್ತಾನೆ, ಜೊತೆಗೆ ಹಣದ ಆರರಲ್ಲೊಂದು ಭಾಗದ ಬೆಳ್ಳಿ ತಾರ, ತಾರದ ಮೂರರಲ್ಲೊಂದು ಭಾಗದ ತಾಮ್ರದ ಜಿತಲ್. ಈ ಬೆಳ್ಳಿ ತಾರ ಇವತ್ತು ನೋಡೋಕೆ ಸಿಗೋದೇ ಅಪರೂಪ. ಮಾರುಕಟ್ಟೆಯಲ್ಲಿ ಚಿನ್ನ ಸಿಗತ್ತೆ, ತಾಮ್ರ ಸಿಗತ್ತೆ, ಬೆಳ್ಳಿ ಸಿಗಲ್ಲ. ಅಂದ್ರೆ ಲೋಹ ಅಗ್ಗ ಅಂತ ನಾಣ್ಯ ಅಗ್ಗ ಆಗಲ್ಲ, ಇದನ್ನ ಹೊಸಬರು ತುಂಬಾ ನಿಧಾನಕ್ಕೆ ಅರ್ಥ ಮಾಡ್ಕೋತಾರೆ.

ಚಿನ್ನದ್ದು 3.4 ಗ್ರಾಂ ಇರಬೇಕಾದ ಜಾಗದಲ್ಲಿ 2.8 ಅಂತ ತೋರಿಸಿದ್ರೆ ಅನುಮಾನ ಪಡಿ. ಸವೆದಿರಬಹುದಲ್ವಾ ಅಂತ ಕೇಳಬಹುದು, ಆದ್ರೆ ಚಿತ್ರ ಚೆನ್ನಾಗಿ ಉಳಿದು ತೂಕ ಮಾತ್ರ ಅಷ್ಟೊಂದು ಇಳಿಯೋದು ಸಾಧ್ಯ ಇಲ್ಲ.

ತೂಕದ ಜೊತೆಗೆ ಸಾಂದ್ರತೆ. ಇದನ್ನ ಮನೇಲೇ ನೋಡಬಹುದು. ತಕ್ಕಡಿ ಮೇಲೆ ಒಂದು ಸಣ್ಣ ಲೋಟದಲ್ಲಿ ನೀರಿಟ್ಟು ಸೊನ್ನೆಗೆ ತನ್ನಿ, ನಾಣ್ಯನ ತೆಳ್ಳನೆ ದಾರಕ್ಕೆ ಕಟ್ಟಿ ನೀರಲ್ಲಿ ಪೂರ್ತಿ ಮುಳುಗೋ ಹಾಗೆ ಇಳಿಬಿಡಿ, ತಳಕ್ಕೂ ಪಕ್ಕಕ್ಕೂ ತಾಗಬಾರದು, ಗಾಳಿ ಗುಳ್ಳೆ ಅಂಟಿರಬಾರದು. ಆಗ ತಕ್ಕಡಿ ಏನು ತೋರಿಸತ್ತೋ ಅದರಿಂದ ನಾಣ್ಯದ ತೂಕನ ಭಾಗಿಸಿ. ಶುದ್ಧ ಚಿನ್ನ ಆದ್ರೆ 19.3 ಬರತ್ತೆ, 22 ಕ್ಯಾರಟ್ ಆದ್ರೆ 17.7 ಆಸುಪಾಸು, ಹಿತ್ತಾಳೆಗೆ ಚಿನ್ನದ ನೀರು ಕೊಟ್ಟಿದ್ರೆ 8.5 ಅಷ್ಟೇ. 3.40 ಗ್ರಾಂ ವರಾಹ ನೀರಲ್ಲಿ 0.19 ತೋರಿಸಿದ್ರೆ ಸರಿ, 0.40 ತೋರಿಸಿದ್ರೆ ಅದು ಹಿತ್ತಾಳೆ. ಆದ್ರೆ ಇಲ್ಲೇ ತಕ್ಕಡಿ ವಿಷಯ ಬರೋದು: ಅರ್ಧ ವರಾಹ ಆದ್ರೆ ನೀರಲ್ಲಿ ತೋರಿಸೋದು 0.096 ಗ್ರಾಂ, 0.01 ತನಕ ಮಾತ್ರ ಅಳೆಯೋ ತಕ್ಕಡಿ ಒಂದ್ಸಲ 0.09 ಅನ್ನತ್ತೆ ಇನ್ನೊಂದ್ಸಲ 0.11 ಅನ್ನತ್ತೆ, ಭಾಗಿಸಿದ್ರೆ ಒಂದ್ಸಲ 18.9 ಇನ್ನೊಂದ್ಸಲ 15.5 ಬಂದು ಏನೂ ಗೊತ್ತಾಗಲ್ಲ. ಅದಕ್ಕೆ 0.001 ಗ್ರಾಂ ತನಕ ತೋರಿಸೋ ತಕ್ಕಡಿ ತಗೊಳ್ಳಿ. ಹಣಕ್ಕೆ ಈ ವಿಧಾನ ಮನೇಲಿ ಆಗೋದೇ ಇಲ್ಲ, ಅದು ಅಷ್ಟು ಚಿಕ್ಕದು, ಅದನ್ನ ಚಿನ್ನದಂಗಡಿಯ ಕ್ಯಾರಟ್ ಮಿಷನ್‌ನಲ್ಲಿ ನೋಡಿಸಿ. ಒರೆಗಲ್ಲಿಗೆ ಮಾತ್ರ ಉಜ್ಜೋಕೆ ಬಿಡಬೇಡಿ, ಒಂದೇ ಗೀಟಿಗೆ 500 ವರ್ಷದ ಅಂಚು ಹೋಗತ್ತೆ.

ಈಗ ಚಿತ್ರ. ವರಾಹ ಅಂದ್ರೆ ಹೆಚ್ಚುಕಮ್ಮಿ ಶರ್ಟಿನ ಗುಂಡಿಯಷ್ಟು, ಅಷ್ಟರಲ್ಲಿ ನಾಣ್ಯ ಅಚ್ಚು ಹಾಕೋ ಟಂಕಸಾಲೆಯವ್ರು ಶಿವ ಪಾರ್ವತಿ ಇಬ್ರನ್ನೂ ಕೂರಿಸಿದಾರೆ, ಕೈಯಲ್ಲಿ ಆಯುಧ ಬೇರೆ. ಹಾಗಾಗಿ ನೇರ ಬೆಳಕಲ್ಲಿ ನೋಡಬೇಡಿ. ಕೋಣೆ ಲೈಟ್ ಆರಿಸಿ, ಟಾರ್ಚನ್ನ ನಾಣ್ಯದ ಪಕ್ಕದಲ್ಲಿ ಮೇಜಿಗೆ ಮಲಗಿಸಿದ ಹಾಗೆ ಹಿಡಿದು ಬೆಳಕು ಅಡ್ಡ ಬೀಳೋ ಹಾಗೆ ಮಾಡಿ, ನಾಣ್ಯನ ನಿಧಾನಕ್ಕೆ ತಿರುಗಿಸ್ತಾ ಹೋಗಿ. ಬರೀ ಉಬ್ಬು ಅಂದ್ಕೊಂಡಿದ್ದ ಜಾಗದಲ್ಲಿ ತ್ರಿಶೂಲ ಎದ್ದು ಕಾಣತ್ತೆ. ನಾಲ್ಕು ದಿಕ್ಕಿನಿಂದಲೂ ಒಂದೊಂದು ಫೋಟೋ ತೆಗೆದಿಟ್ಕೊಳ್ಳಿ, ಒಂದು ಫೋಟೋದಲ್ಲಿ ಕಾಣದ ಅಕ್ಷರ ಇನ್ನೊಂದರಲ್ಲಿ ಕಾಣತ್ತೆ.

ಯಾರು ಯಾವ ಚಿತ್ರ ಹಾಕಿಸಿದ್ರು ಅನ್ನೋದು ಒಂದು ಮಟ್ಟಿಗೆ ನೆನಪಿರಲಿ. ಮೊದಮೊದಲು ಹನುಮಂತ, ಗರುಡ. ಎರಡನೇ ಹರಿಹರನ ಕಾಲಕ್ಕೆ ಜೋಡಿ ದೇವರು ಬರ್ತಾರೆ, ಉಮಾಮಹೇಶ್ವರ, ಲಕ್ಷ್ಮೀನಾರಾಯಣ, ಲಕ್ಷ್ಮೀನರಸಿಂಹ. ದೇವರಾಯರ ಕಾಲದಲ್ಲಿ ಉಮಾಮಹೇಶ್ವರ ಮುಂದುವರಿಯತ್ತೆ. ಕೃಷ್ಣದೇವರಾಯ ಬಂದ್ಮೇಲೆ ಬಾಲಕೃಷ್ಣ. ಅಚ್ಯುತರಾಯ ಗಂಡಭೇರುಂಡ ಹಾಕಿಸ್ತಾನೆ, ಎರಡು ತಲೆಯ ಹಕ್ಕಿ ಕೊಕ್ಕಲ್ಲೂ ಉಗುರಲ್ಲೂ ಆನೆಗಳನ್ನ ಹಿಡಿದಿರೋದು, ಇಡೀ ವಿಜಯನಗರದ ನಾಣ್ಯಗಳಲ್ಲಿ ನನಗೆ ಅತಿ ಇಷ್ಟವಾದ ಕೆತ್ತನೆ ಅದು. ಸದಾಶಿವರಾಯನದ್ದು ಲಕ್ಷ್ಮೀನಾರಾಯಣ, ತಿರುಮಲರಾಯನದ್ದು ರಾಮ ಸೀತೆ ಪಕ್ಕದಲ್ಲಿ ನಿಂತ ಲಕ್ಷ್ಮಣ, ಆಮೇಲೆ ವೆಂಕಟಪತಿರಾಯನದ್ದು ಕಮಾನಿನ ಕೆಳಗೆ ನಿಂತ ವೆಂಕಟೇಶ್ವರ.

ಬಾಲಕೃಷ್ಣ ಯಾಕೆ ಬಂದ ಅನ್ನೋದು ಸ್ವಾರಸ್ಯದ ವಿಷಯ. ಕೃಷ್ಣದೇವರಾಯ ಒಡಿಶಾದ ಗಜಪತಿ ರಾಜರಿಂದ ಉದಯಗಿರಿ ಕೋಟೆ ಗೆದ್ದು ಅಲ್ಲಿದ್ದ ಬಾಲಕೃಷ್ಣನ ವಿಗ್ರಹ ತಂದು 1515ರಲ್ಲಿ ಹಂಪಿಯಲ್ಲಿ ದೇವಸ್ಥಾನ ಕಟ್ಟಿಸಿ ಪ್ರತಿಷ್ಠೆ ಮಾಡಿಸಿದ, ಕೃಷ್ಣ ಬಜಾರಿನ ಹತ್ರ ಇವತ್ತೂ ಆ ಗುಡಿ ನಿಂತಿದೆ. ನಾಣ್ಯದ ಮೇಲಿನ ಕೃಷ್ಣನೂ ಕೈಯಲ್ಲಿ ಬೆಣ್ಣೆ ಮುದ್ದೆ ಹಿಡಿದು ಕೂತಿರೋ ಮಗು, ಅಕ್ಕಪಕ್ಕ ಶಂಖ ಚಕ್ರ. ಹಂಪಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇಲ್ಲಿನ ಚಿನ್ನದ ನಾಣ್ಯದ ಬಗ್ಗೆ ಬರೀತಾ, ಒಂದು ಕಡೆ ಎರಡು ಮೂರ್ತಿ ಇನ್ನೊಂದು ಕಡೆ ಅಚ್ಚು ಹಾಕಿಸಿದ ರಾಜನ ಹೆಸರು ಇರತ್ತೆ, ಆದ್ರೆ ಈಗಿನ ರಾಜ ಹಾಕಿಸಿದ್ದರಲ್ಲಿ ಮಾತ್ರ ಒಂದೇ ಮೂರ್ತಿ ಅಂತ ಹೇಳಿದಾನೆ. ಅಲ್ಲಿಗೆ ನೋಡಿ, ದೇವರಾಯರ ಉಮಾಮಹೇಶ್ವರ ಇನ್ನೂ ಸಂತೆಯಲ್ಲಿ ಓಡಾಡ್ತಿತ್ತು, ಹೊಸ ಬಾಲಕೃಷ್ಣನೂ ಅದರ ಜೊತೆ ಓಡಾಡ್ತಿತ್ತು, ದೂರದಿಂದ ಬಂದ ಒಬ್ಬ ಎರಡನ್ನೂ ಅಂಗೈಲಿಟ್ಟು ನೋಡಿ ವ್ಯತ್ಯಾಸ ಬರೆದಿಟ್ಟ. ನಿಮ್ಮ ಕೈಲಿರೋ ನಾಣ್ಯದಲ್ಲಿ ಮೂರ್ತಿ ಒಂದಾ ಎರಡಾ ಅಂತ ಎಣಿಸೋದ್ರಿಂದಲೇ ಶುರು ಮಾಡಿ ಅಂತ ನಾನು ಹೇಳೋದು ಇದಕ್ಕೇ.

ಆದ್ರೆ ಚಿತ್ರ ಒಂದನ್ನೇ ನಂಬಿದ್ರೆ ಖಂಡಿತ ಎಡವ್ತೀರಿ. ಉಮಾಮಹೇಶ್ವರನನ್ನೇ ತಗೊಳ್ಳಿ. ದೇವರಾಯರು ಹಾಕಿಸಿದ್ರು, ಆಮೇಲೆ ಕೆಳದಿ ನಾಯಕರು ಹಾಕಿಸಿದ್ರು ಅದು ಇಕ್ಕೇರಿ ವರಾಹ, 1763ರಲ್ಲಿ ಅವ್ರ ರಾಜಧಾನಿ ಬಿದನೂರು ಗೆದ್ದ ಹೈದರ್ ಅಲಿ ಅದೇ ಚಿತ್ರ ಮುಂದುವರಿಸಿ ಹಿಂದುಗಡೆ ಮಾತ್ರ ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರ ಒಂದನ್ನ ಹಾಕಿಸಿದ, ಕೊನೆಗೆ ಮುಮ್ಮಡಿ ಕೃಷ್ಣರಾಜ ಒಡೆಯರ ವರಾಹದಲ್ಲೂ ಅದೇ ಶಿವ ಪಾರ್ವತಿ. ನಾಲ್ಕು ಆಳ್ವಿಕೆ, ಒಂದೇ ಚಿತ್ರ. ಜನ ಯಾವ ನಾಣ್ಯನ ನಂಬಿ ತಗೋತಾರೋ ಅದರ ಮುಖ ಬದಲಾಯಿಸೋಕೆ ಯಾವ ರಾಜನೂ ಆತುರ ಪಡಲ್ಲ. ಹಾಗಾಗಿ ತಿರುಗಿಸಿ ಹಿಂದುಗಡೆ ಓದಲೇಬೇಕು.

ಓದೋದು ಹೇಗೆ? ಚಿನ್ನದ ಮೇಲೆ ಹೆಚ್ಚಾಗಿ ನಾಗರಿ, ಮೂರು ಸಾಲು. ಅಚ್ಚು ದೊಡ್ಡದು, ಲೋಹದ ಬಿಲ್ಲೆ ಚಿಕ್ಕದು, ಅದಕ್ಕೇ ಅಂಚಿನ ಅಕ್ಷರಗಳು ಅರ್ಧಂಬರ್ಧ ಬಿದ್ದಿರತ್ವೆ ಇಲ್ಲಾ ಬಿದ್ದೇ ಇರಲ್ಲ, ಅದು ದೋಷ ಅಂತ ಅಂದ್ಕೋಬೇಡಿ. ಮೇಲಿನ ಸಾಲು ಶ್ರೀ ಪ್ರ ಅಂತ ಶುರುವಾಗತ್ತೆ, ಕೊನೆ ಸಾಲು ರಾಯ ಅಂತ ಮುಗಿಯತ್ತೆ, ಇವೆರಡೂ ಹೆಚ್ಚಿನವ್ರ ನಾಣ್ಯದಲ್ಲಿ ಒಂದೇ. ನಿರ್ಧಾರ ಆಗೋದು ನಡುವಿನ ಸಾಲಲ್ಲಿ. ಪ್ರತಾಪ ಅನ್ನೋ ಪದದ ಉಳಿದ ಭಾಗ ತಾಪ ಈ ಸಾಲಿಗೆ ಬಂದಿರತ್ತೆ, ಅದಾದ್ಮೇಲೆ ದೇವ ಅಂತ ಇದ್ರೆ ದೇವರಾಯ, ಕೃಷ್ಣ ಅಂತ ಇದ್ರೆ ಕೃಷ್ಣದೇವರಾಯ, ತಾಪಾಚ್ಯು ಅಂತ ಇದ್ರೆ ಅಚ್ಯುತ. ನಾಗರಿ ಓದೋಕೆ ಬರೋರೂ ಮೊದಲಿಗೆ ತಡವರಿಸ್ತಾರೆ, ಯಾಕಂದ್ರೆ ಅಕ್ಷರದ ರೂಪ ಈಗಿನ ಹಿಂದಿ ಪುಸ್ತಕದ ಥರ ಇರಲ್ಲ. ಸುಲಭದ ದಾರಿ ಅಂದ್ರೆ ಗೊತ್ತಿರೋ ಅಕ್ಷರ ಹಿಡ್ಕೊಳ್ಳೋದು. ಶ್ರೀ ಎಲ್ಲಿದೆ ಅಂತ ಹುಡುಕಿ, ಸಿಕ್ಕಿದ್ರೆ ನಾಣ್ಯ ಯಾವ ಕಡೆ ಮೇಲೆ ಅನ್ನೋದು ಗೊತ್ತಾಯ್ತು, ಆಮೇಲೆ ಅದರ ಕೆಳಗೆ ನೇರ ನಡುವಿನ ಸಾಲಿಗೆ ಇಳೀರಿ, ಕಂಡಷ್ಟನ್ನ ಕಂಡ ಹಾಗೇ ನೋಟ್‌ಬುಕ್‌ನಲ್ಲಿ ಚಿತ್ರದ ಥರ ಬಿಡಿಸಿ, ಊಹೆ ಮಾಡಿ ತುಂಬಿಸಬೇಡಿ, ಆಮೇಲೆ ಅಸಲಿ ನಾಣ್ಯದ ಫೋಟೋ ಪಕ್ಕದಲ್ಲಿಟ್ಟು ಹೋಲಿಸಿ.

ಒಂದು ಉದಾಹರಣೆ ತಗೊಳ್ಳೋಣ. ತೂಕ 1.69 ಗ್ರಾಂ ಅಂತ ಇಟ್ಕೊಳ್ಳಿ, ಅಂದ್ರೆ ಅರ್ಧ ವರಾಹ. ಮುಂದುಗಡೆ ಕೂತಿರೋ ಇಬ್ರು. ಸದಾಶಿವ ಅನ್ನೋಷ್ಟು ಅಕ್ಷರ ಹಿಂದುಗಡೆ ಓದೋಕಾಯ್ತು. ಇಲ್ಲಿ ಇಬ್ರು ಸದಾಶಿವರು ಇದಾರೆ: ವಿಜಯನಗರದ ಸದಾಶಿವರಾಯ, 1542ರಿಂದ 1570ರ ತನಕ ಸಿಂಹಾಸನದಲ್ಲಿದ್ದವನು, ಇನ್ನೊಬ್ಬ ಅವನ ಕಾಲದಲ್ಲೇ ಇದ್ದ ಕೆಳದಿಯ ಸದಾಶಿವ ನಾಯಕ. ಈಗ ದೇವರ ಕೈ ನೋಡಿ. ಶಂಖ ಚಕ್ರ ಕಂಡ್ರೆ ಲಕ್ಷ್ಮೀನಾರಾಯಣ, ತ್ರಿಶೂಲ ಜಿಂಕೆ ಕಂಡ್ರೆ ಉಮಾಮಹೇಶ್ವರ. ಮತ್ತೆ ಬರಹಕ್ಕೆ ವಾಪಸ್ ಬನ್ನಿ, ಶ್ರೀ ಪ್ರತಾಪ ಸದಾಶಿವ ರಾಯ ಅಂತ ಪ್ರತಾಪ, ರಾಯ ಎರಡೂ ಇದ್ರೆ ವಿಜಯನಗರದ್ದು, ಬರೀ ಶ್ರೀ ಸದಾಶಿವ ಅಂತಿದ್ರೆ ಇಕ್ಕೇರಿಯದ್ದು. ಇಕ್ಕೇರಿಯಲ್ಲಿ ಸದಾಶಿವ ನಾಯಕನ ನಂತರದವ್ರೂ ಅದೇ ಹೆಸರು, ಅದೇ ಚಿತ್ರ ಉಳಿಸ್ಕೊಂಡ್ರು, ಹಾಗಾಗಿ ಅದನ್ನ ಕೆಳದಿ ನಾಯಕರದ್ದು ಅಂತಷ್ಟೇ ಬರೆದಿಡಿ, ಸದಾಶಿವ ನಾಯಕನೇ ಹಾಕಿಸಿದ್ದು ಅಂತ ಖಚಿತವಾಗಿ ಬರೀಬೇಡಿ. ತೂಕ, ಆಯುಧ, ಬರಹ ಮೂರೂ ಒಂದೇ ಮಾತು ಹೇಳಿದ್ರೆ ಮಾತ್ರ ಗುರುತು ಹಿಡಿದ ಹಾಗೆ. ಒಂದು ಹೊಂದಲಿಲ್ಲ ಅಂದ್ರೂ ಅಲ್ಲೇ ನಿಲ್ಲಿಸಿ ಮತ್ತೆ ನೋಡಿ.

ಇನ್ನೊಂದು ಸಣ್ಣ ವಿಷಯ, ತಿರುಮಲರಾಯನ ನಾಣ್ಯದಲ್ಲಿ ಹೆಸರು ತಿರುಮಲರಾಯುಲು ಅಂತ ಬರತ್ತೆ, ತೆಲುಗಿನ ಗೌರವದ ರೂಪ. 1565ರ ತಾಳಿಕೋಟೆ ಯುದ್ಧದ ಸೋಲಾದ್ಮೇಲೆ ರಾಜಧಾನಿ ಪೆನುಕೊಂಡಕ್ಕೆ ಹೋಯ್ತಲ್ಲ, ಅದರ ಗುರುತು ಈ ಪುಟ್ಟ ಚಿನ್ನದ ಮೇಲೂ ಹೀಗೆ ಉಳಿದಿದೆ.

ಚಿನ್ನ ಎಲ್ರಿಗೂ ಆಗಲ್ಲ, ಆಗಬೇಕಾಗೂ ಇಲ್ಲ. ಓದೋದು ಕಲಿಯೋಕೆ ತಾಮ್ರವೇ ಒಳ್ಳೇದು. ಎರಡನೇ ದೇವರಾಯನ ಆನೆ ಇರೋ ತಾಮ್ರದ ಕಾಸು ಹುಡುಕಿ, ಹಿಂದುಗಡೆ ಕನ್ನಡದಲ್ಲಿ ನೀಲಕಂಠ ಅಂತ ಬರಹ ಇರೋದೂ ಸಿಗತ್ತೆ. ಅವನಿಗೆ ಗಜಬೇಟೆಕಾರ ಅಂತ ಬಿರುದಿತ್ತು, ಆನೆ ಯಾಕೆ ಅಂತ ಬೇರೆ ಹೇಳಬೇಕಿಲ್ಲ. ಸವೆದ ತಾಮ್ರದ ಮೇಲೆ 600 ವರ್ಷದ ಹಿಂದಿನ ಕನ್ನಡ ಅಕ್ಷರ ಒಂದೊಂದಾಗಿ ಬಿಡಿಸಿ ಓದಿದಾಗ ಆಗೋ ಖುಷಿ ದುಬಾರಿ ಚಿನ್ನದ್ದರಲ್ಲೂ ಸಿಗಲ್ಲ. ಕೃಷ್ಣದೇವರಾಯನ ಗರುಡ, ದೇವರಾಯರ ನಂದಿ, ಇವೂ ತಾಮ್ರದಲ್ಲಿ ಸಿಗತ್ವೆ. ಹೊಯ್ಸಳರ ಕನ್ನಡ ಬರಹದ ಚಿನ್ನ, ವಿಷ್ಣುವರ್ಧನ ತಲಕಾಡು ಗೆದ್ದ ಮೇಲೆ ಹಾಕಿಸಿದ ಶ್ರೀ ತಳಕಾಡುಗೊಂಡ ಅಂತ ಇರೋದು, ಅದು ನಿಜವಾಗ್ಲೂ ಅಪರೂಪ, ಅದನ್ನ ಮ್ಯೂಸಿಯಂನಲ್ಲೋ ಫೋಟೋದಲ್ಲೋ ನೋಡಿ ಖುಷಿ ಪಡಿ, ಯಾರಾದ್ರೂ ಕಮ್ಮಿ ಬೆಲೆಗೆ ಕೊಡ್ತೀನಿ ಅಂತ ಬಂದ್ರೆ ದೂರ ಇರಿ.

ನಕಲಿ ವಿಷಯಕ್ಕೆ ಬರೋಣ. ಮೊದಲನೇದಾಗಿ ವಾಟ್ಸಾಪ್‌ನಲ್ಲಿ ಬರೋ ರಾಮ ಪಟ್ಟಾಭಿಷೇಕದ ಬಿಲ್ಲೆಗಳು, ಈಸ್ಟ್ ಇಂಡಿಯಾ ಕಂಪನಿ 1818 ಅಂತ ಬರೆದು ಹನುಮಂತನೋ ರಾಮನೋ ಇರೋವು, ಲಕ್ಷ ಬೆಲೆ ಅಂತ ಹೇಳಿ ಮಾರ್ತಾರೆ. ಕಂಪನಿ ಅಂಥಾ ನಾಣ್ಯ ಹಾಕಿಸಿದ್ದೇ ಇಲ್ಲ. ರಾಮಟಂಕ ಅನ್ನೋದು ಪೂಜೆಗೆ ಇಡೋ ಬಿಲ್ಲೆ, ಚಲಾವಣೆ ನಾಣ್ಯ ಅಲ್ಲ. ಮನೇಲಿದ್ರೆ ಪೂಜೆಗೆ ಇಟ್ಕೊಳ್ಳಿ, ದುಡ್ಡು ಕೊಟ್ಟು ತಗೋಬೇಡಿ.

ಎರಡನೇದು ಎರಕ ಹೊಯ್ದ ನಕಲಿ. ಅಸಲಿ ನಾಣ್ಯನ ಅಚ್ಚಿಟ್ಟು ಹೊಡೆದು ಮಾಡ್ತಿದ್ರು, ಅದರ ಅಕ್ಷರದ ಅಂಚು ಚೂಪಾಗಿರತ್ತೆ, ಲೋಹ ಹರಿದ ಗೆರೆ ಕಾಣತ್ತೆ. ಎರಕದ್ದರಲ್ಲಿ ಅಕ್ಷರದ ಅಂಚು ಮೇಣ ಕರಗಿದ ಹಾಗೆ ಮಂಕಾಗಿರತ್ತೆ, ಮೈಮೇಲೆ ಸಣ್ಣ ಸಣ್ಣ ಗುಳಿ, ಗುಳ್ಳೆ, ಅಂಚಿನ ಸುತ್ತ ಎರಡು ಭಾಗ ಸೇರಿದ ಗೆರೆ ಇಲ್ಲಾ ಅದನ್ನ ಅರದಿಂದ ಉಜ್ಜಿರೋ ಗುರುತು. ಅದಕ್ಕೇ ಅಂಚನ್ನ ಭೂತಗನ್ನಡೀಲಿ ಒಂದು ಸುತ್ತು ಪೂರ್ತಿ ನೋಡಬೇಕು. ಮತ್ತೆ ಒಬ್ಬನ ಹತ್ರಾನೇ ಎರಡು ನಾಣ್ಯ ಇದ್ದು ಎರಡರಲ್ಲೂ ಒಂದೇ ಜಾಗದಲ್ಲಿ ಒಂದೇ ಗೀರು, ಒಂದೇ ಕಡೆ ಅಕ್ಷರ ತಪ್ಪಿದ್ರೆ ಎರಡೂ ಬಿಡಿ. ಒಂದೇ ಅಚ್ಚಿನಿಂದ ಹೊಡೆದಿದ್ರೂ ಬಿಲ್ಲೆ ಕೂತ ಜಾಗ ಬೇರೆ ಬೇರೆ ಆಗಿರತ್ತೆ, ಹಾಗಾಗಿ ಅಂಚಲ್ಲಿ ಅಕ್ಷರ ಕತ್ತರಿಸಿರೋ ರೀತಿ ಎರಡರಲ್ಲೂ ಪೂರ್ತಿ ಒಂದೇ ಥರ ಇರೋಕೆ ಸಾಧ್ಯ ಇಲ್ಲ. ಹೊಡೆದೇ ಮಾಡಿರೋ ಹೊಸ ನಕಲಿಗಳೂ ಇದಾವೆ, ಅವು ಕಷ್ಟ, ಅಲ್ಲಿ ಅಸಲಿ ನಾಣ್ಯ ನೂರಾರು ನೋಡಿರೋ ಕಣ್ಣು ಬೇಕು.

ಆ ಕಣ್ಣು ಎಲ್ಲಿ ಸಿಗತ್ತೆ ಅಂದ್ರೆ, ಕೊಳ್ಳೋದಕ್ಕೆ ಮುಂಚೆ ಸುಮ್ನೆ ನೋಡ್ತಾ ಹೋಗೋದರಲ್ಲಿ. ಮುಂಬೈನ ರಿಸರ್ವ್ ಬ್ಯಾಂಕ್ ನಾಣ್ಯ ಮ್ಯೂಸಿಯಂ, ನಾಸಿಕ್ ಹತ್ರ ಆಂಜನೇರಿಯಲ್ಲಿರೋ ನಾಣ್ಯಶಾಸ್ತ್ರ ಸಂಸ್ಥೆ, ಬೆಂಗಳೂರಲ್ಲಿ ಕನ್ನಡನಾಡು ನಾಣ್ಯ ಸಂಘದವ್ರು ನಡೆಸೋ ನಾಣ್ಯದರ್ಶಿನಿ ಪ್ರದರ್ಶನ. ಪ್ರದರ್ಶನದಲ್ಲಿ ಹಿರಿಯ ಸಂಗ್ರಾಹಕರು ಸಿಗ್ತಾರೆ, ಸಾರ್ ಇದೊಂದು ನೋಡ್ತೀರಾ ಅಂತ ಕೇಳಿದ್ರೆ ಬೇಜಾರು ಮಾಡ್ಕೊಳ್ಳದೆ ಕೂತು ಹೇಳ್ಕೊಡ್ತಾರೆ. ಆಕ್ಷನ್ ಕಂಪನಿಗಳ ಹಳೇ ಹರಾಜಿನ ಫೋಟೋಗಳೂ ನೆಟ್‌ನಲ್ಲಿ ಸಿಗತ್ವೆ, ಅದರಲ್ಲಿ ತೂಕ ಬರೆದಿರತ್ತೆ, ಮಾರಾಟವಾದ ಬೆಲೆ ಬರೆದಿರತ್ತೆ. ಬೆಲೆ ತಿಳ್ಕೊಳ್ಳೋಕೆ ಅದೇ ದಾರಿ, ಯೂಟ್ಯೂಬ್ ವಿಡಿಯೋ ಅಲ್ಲ.

ಮನೇಲಿ ಅಜ್ಜಿ ಕಾಲದ ಕಾಸಿನ ಸರ ಇದ್ರೆ ಬಿಚ್ಚದೇನೇ ಅದರ ಕಾಸುಗಳನ್ನ ಒಂದೊಂದಾಗಿ ನೋಡಿ. ವರಾಹಗಳನ್ನ ಕೊಂಡಿ ಬೆಸೆದು ಸರಕ್ಕೆ ಪೋಣಿಸೋ ಪದ್ಧತಿ ಇತ್ತು. ಬೆಸುಗೆ ಗುರುತು ಇದ್ರೆ ಸಂಗ್ರಾಹಕರಿಗೆ ಬೆಲೆ ಇಳಿಯತ್ತೆ ನಿಜ, ಹಾಗಂತ ಕರಗಿಸೋಕೆ ಕೊಟ್ಟುಬಿಟ್ರೆ ಎಲ್ಲಾ ಹೋಯ್ತು. ಅಕ್ಕಸಾಲಿಗರ ಹತ್ರ ಹಾಕೋ ಮುಂಚೆ ಫೋಟೋ ತೆಗೆದು ಗೊತ್ತಿರೋರಿಗೆ ತೋರಿಸಿ.

ತೊಳೆಯೋದರ ಬಗ್ಗೆ ಒಂದೇ ಮಾತು, ತೊಳೀಬೇಡಿ. ಹುಣಸೆಹಣ್ಣು, ನಿಂಬೆ, ಬೂದಿ, ಪಾಲಿಶ್ ಯಾವುದೂ ಬೇಡ. ತಾಮ್ರದ ಮೇಲೆ ಕಟ್ಟಿರೋ ಕಂದು ಇಲ್ಲಾ ಹಸಿರು ಪದರ ನಾಣ್ಯದ್ದೇ ಮೈ, ಅದೇ ಅದನ್ನ ಕಾಯೋದು, ಉಜ್ಜಿದ್ರೆ ಅಕ್ಷರಾನೂ ಅದರ ಜೊತೆ ಹೋಗತ್ತೆ. ಮಣ್ಣು ಅಂಟಿದ್ರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಸಿಟ್ಟು ನೀರು ಬದಲಾಯಿಸ್ತಾ ಇರಿ, ಸಾಕು. ಮುಟ್ಟಿದ್ರೆ ಪುಡಿಯಾಗಿ ಉದುರೋ ತಿಳಿ ಹಸಿರು ಚುಕ್ಕೆ ಕಂಡ್ರೆ ಮಾತ್ರ ಅದು ರೋಗ, ಆ ನಾಣ್ಯನ ಬೇರೆಯವುಗಳಿಂದ ದೂರ ಇಟ್ಟು ಗೊತ್ತಿರೋರಿಗೆ ತೋರಿಸಿ. ಮೆತ್ತಗಿರೋ ಪಿವಿಸಿ ಆಲ್ಬಮ್ ಅಗ್ಗ ಅಂತ ತಗೋಬೇಡಿ, ನಮ್ಮ ಮಳೆಗಾಲದ ತೇವಕ್ಕೆ ಅದು ಅಂಟಂಟಾಗಿ ನಾಣ್ಯದ ಮೇಲೆ ಹಸಿರು ಜಿಡ್ಡು ಬಿಡತ್ತೆ. ಮೈಲಾರ್ ಅನ್ನೋ ಪಾರದರ್ಶಕ ಹಾಳೆಯ ಕಿಟಕಿ ಇರೋ ರಟ್ಟಿನ ಹೋಲ್ಡರ್ ಒಳ್ಳೇದು, ಡಬ್ಬಿಯಲ್ಲಿ ತೇವ ಹೀರೋ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.

ಕಾನೂನು ತಿಳ್ಕೊಂಡಿರಿ. ಹೊಲದಲ್ಲೋ ಪಾಯ ತೋಡುವಾಗಲೋ ನಿಧಿ ಸಿಕ್ಕಿದ್ರೆ ಅದು ನಿಮ್ಮದಲ್ಲ, ಜಿಲ್ಲಾಧಿಕಾರಿಗೆ ತಿಳಿಸಬೇಕು, ಮುಚ್ಚಿಟ್ರೆ ಅಪರಾಧ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು, ಖಾಸಗಿಯವ್ರು ಅದನ್ನ ದೇಶದಿಂದ ಹೊರಗೆ ತಗೊಂಡು ಹೋಗೋ ಹಾಗಿಲ್ಲ, ಮಾರೋ ವ್ಯಾಪಾರ ಮಾಡೋಕೆ ಲೈಸೆನ್ಸ್ ಬೇಕು. ಅಮೆರಿಕದಲ್ಲಿರೋ ತಮ್ಮಂಗೆ ಗಿಫ್ಟ್ ಕಳಿಸ್ತೀನಿ ಅಂತ ಪೋಸ್ಟ್ ಮಾಡಿದ್ರೂ ತಪ್ಪೇ. ಲೈಸೆನ್ಸ್ ಇರೋ ಡೀಲರ್ ಹತ್ರ ಬಿಲ್ ಸಮೇತ ತಗೊಳ್ಳಿ. ಹಂಪಿ ಸುತ್ತಮುತ್ತ ಸಿಕ್ಕಿದ್ದು ಸಾರ್ ಈಗಷ್ಟೇ ಅಂತ ಯಾರಾದ್ರೂ ಮಣ್ಣು ಮೆತ್ತಿದ ನಾಣ್ಯ ತಂದ್ರೆ ಅದು ಒಂದೋ ನಕಲಿ, ಇಲ್ಲಾ ಕದ್ದು ಅಗೆದಿದ್ದು, ಎರಡರಲ್ಲಿ ಯಾವುದಾದ್ರೂ ಮುಟ್ಟಬೇಡಿ. ಕದ್ದು ಅಗೆದಾಗ ನಾಣ್ಯ ಒಂದೇ ಹೋಗಲ್ಲ, ಯಾವ ಮಡಕೆಯಲ್ಲಿತ್ತು, ಜೊತೆಗೆ ಯಾವ ರಾಜರ ನಾಣ್ಯ ಇದ್ವು, ಎಷ್ಟು ಆಳದಲ್ಲಿತ್ತು ಅನ್ನೋ ಮಾಹಿತಿ ಎಲ್ಲಾ ಹೋಗತ್ತೆ, ಅದನ್ನ ಆಮೇಲೆ ಯಾರಿಂದಲೂ ವಾಪಸ್ ತರೋಕಾಗಲ್ಲ.

ಕೊನೇದಾಗಿ ಚೀಟಿ. ಪ್ರತಿ ನಾಣ್ಯದ ಜೊತೆ ಒಂದು ಸಣ್ಣ ಕಾಗದ ಇಡಿ, ತೂಕ, ಅಡ್ಡಳತೆ, ಮುಂದೆ ಏನಿದೆ, ಹಿಂದೆ ಎಷ್ಟು ಅಕ್ಷರ ಓದೋಕಾಯ್ತು, ಯಾರಿಂದ ಯಾವಾಗ ಎಷ್ಟಕ್ಕೆ ತಗೊಂಡಿದ್ದು, ಬಿಲ್ ನಂಬರ್. ಓದೋಕಾಗದ ಅಕ್ಷರದ ಜಾಗದಲ್ಲಿ ಚುಕ್ಕೆ ಇಡಿ. ಮನೆಯಲ್ಲಿ ಇನ್ನೊಬ್ರಿಗೆ ಈ ಚೀಟಿ, ಬಿಲ್ಲುಗಳು ಎಲ್ಲಿವೆ ಅಂತ ಹೇಳಿಡಿ, ಇಲ್ಲಾಂದ್ರೆ ನೀವಿಲ್ಲದಾಗ ಅವ್ರು ಇದನ್ನ ಚಿನ್ನದ ತೂಕಕ್ಕೆ ಮಾರಿಬಿಡ್ತಾರೆ, ತಾಮ್ರದ್ದಾದ್ರೆ ಗುಜರಿಗೆ ಹಾಕ್ತಾರೆ.